ಫ್ರಿಜ್ಜಿನ ತಳದ ತರಕಾರಿ, ಅವ್ವನ ಸೂಪು ಮತ್ತು ಒಂದು ಹ್ಯಾಂಡ್ ಬ್ಲೆಂಡರ್: ಒಂಬತ್ತು ತಿಂಗಳು ಬಳಸಿದ ಮೇಲೆ

ನಮ್ಮ ಮನೆಯಲ್ಲಿ ಗುರುವಾರ ಸಂಜೆ ಅಂದರೆ ಸೂಪು. ಭಾನುವಾರ ಬೆಳಿಗ್ಗೆ ಮೈಸೂರಿನ ಎಂ.ಜಿ. ರೋಡ್ ಮಾರ್ಕೆಟ್ಟಿಂದ ಎರಡು ಚೀಲ ತರಕಾರಿ ತರುತ್ತೇನೆ. ಗುರುವಾರದ ಹೊತ್ತಿಗೆ ಫ್ರಿಜ್ಜಿನ ತಳದ ಡಬ್ಬದಲ್ಲಿ ಉಳಿದಿರುವುದು ಇಷ್ಟು: ಒಂದೂವರೆ ಕ್ಯಾರೆಟ್, ಕಾಲು ಭಾಗ ಎಲೆಕೋಸು, ಏಳೆಂಟು ಬೀನ್ಸ್, ಮೆತ್ತಗಾದ ಎರಡು ಟೊಮೇಟೊ, ಅಂಗೈಯಷ್ಟು ಸಿಹಿಕುಂಬಳದ ಹೋಳು. ಇವುಗಳಲ್ಲಿ ಯಾವುದೊಂದರಲ್ಲೂ ಪಲ್ಯ ಆಗುವುದಿಲ್ಲ. ಬಿಸಾಡಲು ಮನಸ್ಸು ಬರುವುದಿಲ್ಲ. ಮೊದಲೆಲ್ಲ ಶನಿವಾರದವರೆಗೂ ಹಾಗೇ ಇಟ್ಟು, ಆಮೇಲೆ ಬೇಜಾರಿನಿಂದ ಕಸಕ್ಕೆ ಹಾಕುತ್ತಿದ್ದೆವು.

ಸೂಪು ಶುರುವಾಗಿದ್ದು ಅವ್ವನಿಗಾಗಿ. ಅವರಿಗೆ ಈಗ 84. ಹಲ್ಲಿನ ಸೆಟ್ಟು ಮಾಡಿಸಿ ಕೊಟ್ಟೆವು, ಒಸಡು ಒತ್ತುತ್ತದೆ ಅಂತ ಡಬ್ಬಿಯಲ್ಲೇ ಇಟ್ಟಿದ್ದಾರೆ. ಮುದ್ದೆಗೆ ತೊಂದರೆ ಇಲ್ಲ. ಮುದ್ದೆ ನುಂಗುವುದಕ್ಕೆ ಹಲ್ಲು ಬೇಡ. ಕಷ್ಟ ಆಗಿದ್ದು ತರಕಾರಿ. ಸಾರಿನ ಹೋಳುಗಳನ್ನೆಲ್ಲ ತಟ್ಟೆಯ ಅಂಚಿಗೆ ಸರಿಸಿಬಿಡುತ್ತಿದ್ದರು. ನಾನು ಮೂರು ವರ್ಷದ ಹಿಂದೆ ರಿಟೈರ್ ಆದೆ, ಹೆಂಡತಿ ಇನ್ನೂ ಶಾಲೆಗೆ ಹೋಗುತ್ತಾಳೆ. ಹಾಗಾಗಿ ವಾರದ ದಿನಗಳಲ್ಲಿ ಅಡುಗೆ ಮನೆ ನನ್ನದು. ಅವ್ವನ ತಟ್ಟೆ ತೊಳೆಯುವವನೂ ನಾನೇ. ಅಂಚಿನಲ್ಲಿ ಸಾಲಾಗಿ ಕೂತ ಬೀನ್ಸ್ ತುಂಡುಗಳನ್ನು ದಿನಾ ನೋಡಿ ನೋಡಿ ಈ ದಾರಿ ಹಿಡಿದೆ.

ಮೊದಲು ಬೇಯಿಸಿದ ತರಕಾರಿಯನ್ನು ಮಸೆಯುತ್ತಿದ್ದೆ. ಸಿಹಿಕುಂಬಳ, ಆಲೂಗಡ್ಡೆ ಮಸೆದರೆ ಕರಗುತ್ತವೆ. ಬೀನ್ಸ್, ಕೋಸು ಕರಗುವುದಿಲ್ಲ. ಟೊಮೇಟೊ ಸಿಪ್ಪೆ ಅಂಗುಳಕ್ಕೆ ಅಂಟಿಕೊಂಡು ಅವ್ವನಿಗೆ ಕೆಮ್ಮು ಬರುತ್ತಿತ್ತು. ಆಮೇಲೆ ಮಿಕ್ಸಿಗೆ ಹಾಕಲು ಶುರು ಮಾಡಿದೆ. ಕಳೆದ ವರ್ಷ ಒಂದು ಸಂಜೆ ಆತುರದಲ್ಲಿ, ಇನ್ನೂ ಹಬೆಯಾಡುತ್ತಿದ್ದ ಸೂಪನ್ನು ದೊಡ್ಡ ಜಾರಿನ ಮುಕ್ಕಾಲು ಭಾಗ ತುಂಬಿ ಸ್ವಿಚ್ ತಿರುಗಿಸಿದೆ. ಮುಚ್ಚಳ ಹಾರಿತು. ಬಲಗೈ ಮಣಿಕಟ್ಟಿನಿಂದ ಮೊಣಕೈ ಕಡೆಗೆ ನಾಲ್ಕು ಬೆರಳಿನಷ್ಟು ಅಗಲ ಸುಟ್ಟುಹೋಯಿತು. ಇದರಲ್ಲಿ ಮಿಕ್ಸಿಯ ತಪ್ಪೇನೂ ಇಲ್ಲ. ಬಿಸಿ ನೀರು ಜೋರಾಗಿ ಕದಡಿದಾಗ ಹಬೆ ಒಮ್ಮೆಗೇ ಏಳುತ್ತದೆ, ಮುಚ್ಚಿದ ಜಾರಿನಲ್ಲಿ ಅದಕ್ಕೆ ದಾರಿ ಇರುವುದಿಲ್ಲ, ಮುಚ್ಚಳವನ್ನು ತಳ್ಳುತ್ತದೆ. ಇದು ಗೊತ್ತಿಲ್ಲದೆ ಮಾಡುವವರು ಇನ್ನೂ ತುಂಬಾ ಜನ ಇದ್ದಾರೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಸೂಪು ಪೂರ್ತಿ ಆರದೆ ಮಿಕ್ಸಿಗೆ ಹಾಕಬೇಡಿ.

ಆದರೆ ಆರಿಸಿ, ರುಬ್ಬಿ, ಮತ್ತೆ ಬಿಸಿ ಮಾಡಿ, ಜಾರು ತೊಳೆದು... ಒಂದು ಬಟ್ಟಲು ಸೂಪಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಕೈ ವಾಸಿಯಾದ ಮೇಲೆ ದೇವರಾಜ ಅರಸು ರಸ್ತೆಯ ಅಂಗಡಿಯೊಂದಕ್ಕೆ ಹೋಗಿ ಹ್ಯಾಂಡ್ ಬ್ಲೆಂಡರ್ ತಂದೆ. 300 ವ್ಯಾಟ್, ಎರಡು ವೇಗ, ಬಿಚ್ಚಬಹುದಾದ ಸ್ಟೀಲ್ ಕಾಲು (ತುದಿಯಲ್ಲಿ ಬ್ಲೇಡ್ ಇರುವ ಉದ್ದನೆಯ ಭಾಗ), ಬೆಲೆ 1,849 ರೂಪಾಯಿ. ಕಂಪನಿಯ ಹೆಸರು ಬರೆಯುತ್ತಿಲ್ಲ. ಸರ್ವೀಸಿನಲ್ಲಿ ನನಗಾದ ಬೇಸರ ಒಂದು ಊರಿನ ಒಂದು ಸೆಂಟರಿನದು, ಅದನ್ನು ಇಡೀ ಕಂಪನಿಯ ತಲೆಗೆ ಕಟ್ಟಲು ನನಗೆ ಇಷ್ಟವಿಲ್ಲ. ಅದೂ ಅಲ್ಲದೆ ನಾನು ಹೇಳುವುದರಲ್ಲಿ ಹೆಚ್ಚಿನದು ಈ ತರಹದ ಯಾವ ಬ್ಲೆಂಡರಿಗೂ ಹೊಂದುತ್ತದೆ.

ಇದು ಸ್ವಿಟ್ಜರ್ಲೆಂಡಿನಲ್ಲಿ 1950ರಲ್ಲಿ ಪೇಟೆಂಟ್ ಆದ ಸಾಧನ. ನನಗೆ ಮಾತ್ರ ಮೊದಲ ದಿನ ಕೈಯಲ್ಲಿ ಹಿಡಿದಾಗ ನೆನಪಾಗಿದ್ದು ಅವ್ವನ ಕಡಗೋಲು. ಪಾಂಡವಪುರದ ಹತ್ತಿರ ನಮ್ಮ ಊರ ಮನೆಯಲ್ಲಿ ಕಂಬಕ್ಕೆ ಹಗ್ಗ ಕಟ್ಟಿ ಮಜ್ಜಿಗೆ ಕಡೆಯುತ್ತಿದ್ದರು. ಗಡಿಗೆ ಇದ್ದಲ್ಲೇ ಇರುತ್ತಿತ್ತು, ಕಡಗೋಲು ಗಡಿಗೆಗೆ ಇಳಿಯುತ್ತಿತ್ತು. ಇದೂ ಹಾಗೇ. ಮಿಕ್ಸಿಗಾದರೆ ಅಡುಗೆಯೇ ಎದ್ದು ಹೋಗಬೇಕು. ಇದು ಅಡುಗೆ ಇದ್ದಲ್ಲಿಗೇ ಬರುತ್ತದೆ. ಒಲೆ ಆರಿಸಿ, ಕೂಗು ಇಳಿದ ಮೇಲೆ ಕುಕ್ಕರಿನ ಮುಚ್ಚಳ ತೆಗೆದು, ಬಿಸಿ ಸೂಪಿನೊಳಗೇ ಇಳಿಸಿ ಒಂದೂವರೆ ನಿಮಿಷ ತಿರುಗಿಸಿದರೆ ಆಯಿತು. ಪಾತ್ರೆಯ ಬಾಯಿ ತೆರೆದೇ ಇರುವುದರಿಂದ ಹಬೆ ಕಟ್ಟಿಕೊಳ್ಳುವುದಿಲ್ಲ. ಈ ಒಂದು ಗುಣಕ್ಕೇ ನಾನು ಕೊಟ್ಟ ದುಡ್ಡು ಸಂದಿದೆ.

ಕರೆಂಟಿನ ಲೆಕ್ಕವೂ ಹಾಕಿ ನೋಡಿದೆ. 300 ವ್ಯಾಟ್, ಎರಡು ನಿಮಿಷ. ನೂರು ಸಲ ಸೂಪು ಮಾಡಿದರೆ ಒಂದು ಯುನಿಟ್.

ಈಗ ಬಳಸುವ ರೀತಿ. ಮೊದಲ ವಾರ ನಾನು ಅಗಲ ಬಾಣಲೆಯಲ್ಲಿ ಮಾಡಿದೆ, ಗೋಡೆಗೆಲ್ಲ ಕೇಸರಿ ಚುಕ್ಕೆ ಬಿತ್ತು. ಪಾತ್ರೆ ಎತ್ತರವಾಗಿ, ಸ್ವಲ್ಪ ಕಿರಿದಾಗಿ ಇರಬೇಕು. ಬ್ಲೇಡಿನ ಮೇಲಿನ ಗಂಟೆಯಂಥ ಭಾಗ ಪೂರ್ತಿ ಮುಳುಗಿರಬೇಕು. ಮುಳುಗಿಸಿದ ಮೇಲೆ ಸ್ವಿಚ್ ಒತ್ತಬೇಕು, ಸ್ವಿಚ್ ಬಿಟ್ಟು ಬ್ಲೇಡ್ ನಿಂತ ಮೇಲೆ ಎತ್ತಬೇಕು. ತಳಕ್ಕೆ ನೆಟ್ಟಗೆ ಒತ್ತಿ ಹಿಡಿದರೆ ಅಲ್ಲೇ ಹೀರಿಕೊಂಡು ಅಂಟಿಬಿಡುತ್ತದೆ. ಸ್ವಲ್ಪ ಓರೆ ಮಾಡಿ, ಮೆಲ್ಲಗೆ ಮೇಲೆ ಕೆಳಗೆ ಆಡಿಸಬೇಕು. ಒಂದು ನಿಮಿಷಕ್ಕಿಂತ ಜಾಸ್ತಿ ಒಂದೇ ಸಮ ಓಡಿಸಬಾರದು ಅಂತ ಜೊತೆಗೆ ಬಂದ ಪುಸ್ತಕದಲ್ಲೇ ಇದೆ. ನಾನು ಮೊದಲ ಸಲ ಓದದೆ ಮೂರು ನಿಮಿಷ ಓಡಿಸಿದ್ದೆ, ಮೋಟಾರಿನಿಂದ ಸುಟ್ಟ ವಾಸನೆ ಬಂತು. ಈಗ 30 ಸೆಕೆಂಡು ಓಡಿಸಿ, ಸ್ವಲ್ಪ ಬಿಟ್ಟು, ಮತ್ತೆ ಓಡಿಸುತ್ತೇನೆ. ನಾನ್‌ಸ್ಟಿಕ್ ಪಾತ್ರೆಯಲ್ಲಿ ಇದನ್ನು ಇಳಿಸಲೇಬೇಡಿ, ಕೋಟಿಂಗ್ ಗೀರಿಹೋಗುತ್ತದೆ.

ನನ್ನ ಅಳತೆ ಇದು. ಹೆಚ್ಚಿದ ತರಕಾರಿ ಎಲ್ಲಾ ಸೇರಿ ಸುಮಾರು ಅರ್ಧ ಕೆಜಿ, ಒಂದು ಹಿಡಿ ತೊಳೆದ ಹೆಸರುಬೇಳೆ, ಮುಕ್ಕಾಲು ಲೀಟರ್ ನೀರು. ಕುಕ್ಕರಿಗೆ ಒಂದು ಚಮಚ ತುಪ್ಪ, ಅರ್ಧ ಚಮಚ ಜೀರಿಗೆ, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಬೆರಳ ತುದಿಯಷ್ಟು ಶುಂಠಿ. ಘಮ ಬಂದ ಮೇಲೆ ತರಕಾರಿ ಹಾಕಿ ಎರಡು ನಿಮಿಷ ಬಾಡಿಸಿ, ಬೇಳೆ, ನೀರು, ಚಿಟಿಕೆ ಅರಿಶಿನ ಹಾಕಿ ಮೂರು ಕೂಗು. ಕೂಗು ಇಳಿದ ಮೇಲೆ ಬ್ಲೆಂಡರ್. ಆಮೇಲೆ ಉಪ್ಪು, ಆಗಷ್ಟೇ ಕುಟ್ಟಿದ ಮೆಣಸು. ನಾಲ್ಕು ಬಟ್ಟಲು ಆಗುತ್ತದೆ.

ಬೇಳೆ ಯಾಕೆ ಅಂದರೆ ಗಟ್ಟಿತನಕ್ಕೆ. ಹೋಟೆಲಿನಲ್ಲಿ ಕಾರ್ನ್‌ಫ್ಲೋರ್ ಕಲಸಿ ಹಾಕುತ್ತಾರೆ. ಹೆಸರುಬೇಳೆ ಹಾಕಿದರೆ ಅದೇ ಹದ ಬರುತ್ತದೆ, ರುಚಿಯೂ ಬರುತ್ತದೆ, ಹೊಟ್ಟೆಯೂ ತುಂಬುತ್ತದೆ. ವಯಸ್ಸಾದವರಿಗೆ ಗಟ್ಟಿಯಾಗಿ ಇರುವುದೇ ಒಳ್ಳೆಯದು. ತೀರಾ ತೆಳ್ಳಗಿದ್ದರೆ ಅವ್ವನಿಗೆ ನೆತ್ತಿಗೆ ಹತ್ತುತ್ತದೆ. ಚಮಚದಿಂದ ಧಾರೆಯಾಗಿ ಸುರಿಯದೆ, ನಿಧಾನವಾಗಿ ಜಾರುವಷ್ಟು ಗಟ್ಟಿ ಇದ್ದರೆ ಆರಾಮಾಗಿ ಕುಡಿಯುತ್ತಾರೆ. ಬ್ಲೆಂಡರಿನ ದೊಡ್ಡ ಉಪಕಾರ ಇಲ್ಲೇ. ಪಾತ್ರೆಯಲ್ಲೇ ನೋಡಿಕೊಂಡು, ಗಟ್ಟಿ ಅನ್ನಿಸಿದರೆ ಒಂದು ಸೌಟು ಬಿಸಿನೀರು, ತೆಳು ಅನ್ನಿಸಿದರೆ ಇನ್ನೆರಡು ನಿಮಿಷ ಕುದಿ. ಉಪ್ಪೂ ನಮ್ಮ ಕೈಯಲ್ಲೇ ಇರುತ್ತದೆ. ಅವ್ವನಿಗೆ ಬಿಪಿ ಇದೆ, ಪ್ಯಾಕೆಟ್ ಸೂಪು ನಾನು ತರುವುದೇ ಇಲ್ಲ.

ಎಲ್ಲಾ ತರಕಾರಿಯೂ ಆಗುತ್ತದೆ ಅಂತ ಮಾತ್ರ ತಿಳಿಯಬೇಡಿ. ಒಂಬತ್ತು ತಿಂಗಳಲ್ಲಿ ನಾನು ಕಲಿತಿದ್ದರಲ್ಲಿ ಮುಕ್ಕಾಲು ಇದೇ.

ಸಿಹಿಕುಂಬಳಕ್ಕೆ ಮೊದಲ ಸ್ಥಾನ. ಬಣ್ಣ, ಹದ, ಸಿಹಿ ಮೂರೂ ಅದರಲ್ಲೇ ಇದೆ. ಅದರ ಜೊತೆ ಏನು ಹಾಕಿದರೂ ನಡೆಯುತ್ತದೆ. ಕ್ಯಾರೆಟ್, ಸೀಮೆಬದನೆ, ನವಿಲುಕೋಸು ಒಳ್ಳೆಯವು. ನವಿಲುಕೋಸಿನ ಸಿಪ್ಪೆಯನ್ನು ದಪ್ಪಕ್ಕೆ ಹೆರೆಯಬೇಕು, ಇಲ್ಲದಿದ್ದರೆ ನಾರು. ಅದರ ಎಳೆ ಎಲೆಗಳನ್ನು ಎಸೆಯಬೇಡಿ, ಸಣ್ಣಗೆ ಹೆಚ್ಚಿ ಹಾಕಿ. ಸೋರೆಕಾಯಿ ತುಂಬಾ ಚೆನ್ನಾಗಿ ಆಗುತ್ತದೆ, ಆದರೆ ಹೆಚ್ಚುವ ಮೊದಲು ಒಂದು ಚೂರು ಹಸಿಯಾಗಿ ನಾಲಿಗೆಗೆ ಹಚ್ಚಿ ನೋಡಿ. ಕಹಿ ಇದ್ದರೆ ಉಗಿದು, ಇಡೀ ಕಾಯನ್ನು ಬಿಸಾಡಿ. ಕಹಿ ಸೋರೆಕಾಯಿ ವಿಷ, ಬೇಯಿಸಿದರೂ ಆ ಕಹಿ ಹೋಗುವುದಿಲ್ಲ. ಬೇರೆ ತರಕಾರಿಯ ಜೊತೆ ಸೇರಿದರೆ ಗೊತ್ತಾಗುವುದೂ ಕಷ್ಟ. ಅದಕ್ಕೇ ಮೊದಲೇ ನೋಡಿಬಿಡಬೇಕು.

ಎಲೆಕೋಸು ಒಂದು ಹಿಡಿ ಸಾಕು. ಜಾಸ್ತಿ ಆದರೆ, ಅದರಲ್ಲೂ ಜಾಸ್ತಿ ಬೆಂದರೆ, ಗಂಧಕದಂಥ ವಾಸನೆ ಬರುತ್ತದೆ. ಹೂಕೋಸು, ಮೂಲಂಗಿಗೂ ಇದೇ ಮಾತು. ಬೀಟ್‌ರೂಟ್ ಎರಡು ಬಿಲ್ಲೆ ಹಾಕಿದರೂ ಎಲ್ಲವನ್ನೂ ತನ್ನ ಬಣ್ಣಕ್ಕೆ ತಿರುಗಿಸಿಕೊಳ್ಳುತ್ತದೆ. ನಮ್ಮ ಮೊಮ್ಮಗಳಿಗೆ ಆ ಬಣ್ಣ ಇಷ್ಟ, ಅವಳು ಬಂದಾಗ ಹಾಕುತ್ತೇನೆ. ಆಲೂಗಡ್ಡೆಗೆ ಬ್ಲೆಂಡರ್ ತಾಗಿಸಬೇಡಿ. ಅದರ ಗಂಜಿಯೆಲ್ಲ ಬಿಟ್ಟುಕೊಂಡು ಸೂಪು ಅಂಟಂಟು, ಗೋಂದಿನ ಹಾಗೆ ಆಗುತ್ತದೆ. ಬೆಂದ ಆಲೂಗಡ್ಡೆಯನ್ನು ಪಕ್ಕಕ್ಕೆ ತೆಗೆದು, ಚಮಚದಲ್ಲಿ ಮಸೆದು ಕೊನೆಗೆ ಬೆರೆಸಿ.

ಬೀನ್ಸ್ ನಾರು ತೆಗೆದಿದ್ದರೆ ಸರಿ. ಗೋರಿಕಾಯಿ ಬೇಡ. ಒಮ್ಮೆ ಬಲಿತ ಗೋರಿಕಾಯಿ ಹಾಕಿ, ಬ್ಲೇಡಿಗೆ ದಾರದ ಹಾಗೆ ಸುತ್ತಿಕೊಂಡು, ಪ್ಲಗ್ ಕಿತ್ತು ಹಲ್ಲುಜ್ಜುವ ಬ್ರಷ್ಷಿನಿಂದ ಬಿಡಿಸಬೇಕಾಯಿತು. ದಂಟಿನ ಸೊಪ್ಪಿನ ಬಲಿತ ಕಡ್ಡಿಯೂ ಹಾಗೇ. ನುಗ್ಗೇಕಾಯಿಯನ್ನು ಬೇರೆ ಬೇಯಿಸಿ, ಒಳಗಿನ ತಿರುಳನ್ನು ಚಮಚದಲ್ಲಿ ಹೆರೆದು ಹಾಕಿ. ಎಷ್ಟು ರುಚಿ ಅಂದರೆ, ನಾನು ಈಗ ಸಾರಿಗೆ ತಂದಿದ್ದರಲ್ಲಿ ಎರಡು ಕಾಯಿ ಬೇಕಂತಲೇ ಉಳಿಸುತ್ತೇನೆ. ಬೆಂಡೆಕಾಯಿ ಲೋಳೆ, ಹಾಗಲಕಾಯಿ ಕಹಿ. ಅವೆರಡೂ ಬೇಡ. ಪಾಲಕ್, ಹರಿವೆ ಇದ್ದರೆ ಕೂಗಿನ ಮೊದಲು ಹಾಕಬೇಡಿ. ಮುಚ್ಚಳ ತೆಗೆದ ಮೇಲೆ ಹಾಕಿ, ಆ ಬಿಸಿಯಲ್ಲಿ ಎರಡು ನಿಮಿಷ ಕುದಿಸಿದರೆ ಹಸಿರು ಉಳಿಯುತ್ತದೆ.

ಇನ್ನೊಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಉಳಿದ ತರಕಾರಿ ಅಂದರೆ ಬಾಡಿದ ತರಕಾರಿ, ಕೆಟ್ಟ ತರಕಾರಿ ಅಲ್ಲ. ಸುಕ್ಕುಗಟ್ಟಿದ ಕ್ಯಾರೆಟ್ ಆಗುತ್ತದೆ. ಮೆತ್ತಗಾದ ಟೊಮೇಟೊ ಆಗುತ್ತದೆ. ಬೂಸಲು ಬಂದಿದ್ದು, ಲೋಳೆ ಬಿಟ್ಟಿದ್ದು, ಹುಳಿ ವಾಸನೆ ಬಂದಿದ್ದು ಬೇಡ. ಹಸಿರು ತಿರುಗಿದ, ಮೊಳಕೆ ಒಡೆದ ಆಲೂಗಡ್ಡೆ ಬೇಡ. ಉಳಿಸುವ ಆಸೆಯಲ್ಲಿ ವಯಸ್ಸಾದವರ ಹೊಟ್ಟೆ ಕೆಡಿಸಬಾರದು. ಮಾಡಿದ ಸೂಪು ಮಿಕ್ಕಿದರೂ ಅಷ್ಟೇ. ಬೇಗ ಆರಿಸಿ ಫ್ರಿಜ್ಜಿಗೆ ಇಟ್ಟು, ಮಾರನೇ ದಿನ ಬೇಕಾದಷ್ಟನ್ನು ಮಾತ್ರ ಚೆನ್ನಾಗಿ ಕುದಿಸಿ ಮುಗಿಸುತ್ತೇವೆ.

ನೀರಿನ ಬದಲು ಸಿಪ್ಪೆಯ ರಸ ಹಾಕುವುದನ್ನು ನಾನು ಡಿಸೆಂಬರಿನಲ್ಲಿ ಬಟಾಣಿ ಸುಲಿಯುವಾಗ ಶುರು ಮಾಡಿದೆ. ಒಂದು ಕೆಜಿ ಬಟಾಣಿ ಸುಲಿದರೆ ರಾಶಿ ಸಿಪ್ಪೆ. ಅದನ್ನು, ಕೊತ್ತಂಬರಿ ಕಡ್ಡಿ, ಕಾಳು ಬಿಡಿಸಿದ ಜೋಳದ ದಿಂಡು, ಹೂಕೋಸಿನ ಎಳೆ ದಂಟು ಎಲ್ಲವನ್ನೂ ಚೆನ್ನಾಗಿ ತೊಳೆದು, ಮುಳುಗುವಷ್ಟು ನೀರು ಹಾಕಿ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಕುದಿಸಿ ಸೋಸುತ್ತೇನೆ. ಮೊದಲ ಸಲ ಆ ರಸದಲ್ಲಿ ಸೂಪು ಮಾಡಿ ಕೊಟ್ಟಾಗ ಅವ್ವ ಒಂದು ಗುಟುಕು ಕುಡಿದು, ಬಟ್ಟಲು ಕೆಳಗಿಟ್ಟು, "ಬಸ್ಸಾರಿನ ಕಟ್ಟು ಇದ್ದಂಗದೆ ಕಣ್ಲಾ" ಅಂದರು.

ಅವರು ಹೇಳಿದ್ದು ಸರಿ. ಸೊಪ್ಪು, ಕಾಳು ಬೇಯಿಸಿ, ಬಸಿದ ನೀರನ್ನು ಸಾರು ಮಾಡಿ, ಬಸಿದು ಉಳಿದಿದ್ದನ್ನು ಪಲ್ಯ ಮಾಡುತ್ತಿದ್ದವರು ಅವರು. ಒಂದು ಲೋಟ ನೀರೂ ಬಚ್ಚಲಿಗೆ ಹೋಗುತ್ತಿರಲಿಲ್ಲ. ನಾನು ಹೊಸದಾಗಿ ಏನೋ ಕಂಡುಹಿಡಿದ ಹಾಗೆ ಸಿಪ್ಪೆ ಕುದಿಸುತ್ತಾ ನಿಂತಿದ್ದಾಗ, ಅವರು ಅದನ್ನು ಒಂದೇ ಗುಟುಕಿಗೆ ಗುರುತು ಹಿಡಿದರು. ಅವತ್ತಿನಿಂದ ಸೂಪಿಗೆ ಒಂದು ಸಣ್ಣ ಚಮಚ ಸಾರಿನ ಪುಡಿ, ನಾಲ್ಕು ಹನಿ ಹುಣಸೆ ರಸ ಬೀಳುತ್ತಿದೆ. ಮುದ್ದೆಯನ್ನು ಅದರಲ್ಲೇ ಅದ್ದಿಕೊಂಡು ನುಂಗುತ್ತಾರೆ. ಮೊದಮೊದಲು "ಏನ್ಲಾ ಇದು, ಗಂಜಿನೂ ಅಲ್ಲ, ಸಾರೂ ಅಲ್ಲ" ಅಂತ ಅರ್ಧ ಬಟ್ಟಲಿಗೆ ನಿಲ್ಲಿಸುತ್ತಿದ್ದರು. ಈಗ ಆ ಮಾತಿಲ್ಲ.

ಇನ್ನು ಬ್ಲೆಂಡರಿನ ಕೊರತೆಗಳು.

ಗುಂಡಿಯನ್ನು ಒತ್ತಿ ಹಿಡಿದೇ ಇರಬೇಕು, ಬಿಟ್ಟರೆ ನಿಲ್ಲುತ್ತದೆ. ಅಪಾಯ ಆಗದಿರಲಿ ಅಂತ ಹಾಗೆ ಮಾಡಿದ್ದಾರೆ, ಅದು ಸರಿಯೇ. ಆದರೆ ನನ್ನ ಬ್ಲೆಂಡರಿನ ಗುಂಡಿ ತುಂಬಾ ಬಿಗಿ. ಹೆಬ್ಬೆರಳಿನ ಗೆಣ್ಣು ನೋವಿರುವ ನನ್ನ ಹೆಂಡತಿಗೆ ಆಗುವುದೇ ಇಲ್ಲ. ಕೊಳ್ಳುವ ಮುಂಚೆ, ಮನೆಯಲ್ಲಿ ಅದನ್ನು ಬಳಸುವವರೇ ಅಂಗಡಿಗೆ ಹೋಗಿ ಒತ್ತಿ ನೋಡಬೇಕು. ವೈರು ಗಿಡ್ಡ. ಒಲೆಯ ಹತ್ತಿರದ ಪ್ಲಗ್ಗಿಗೆ ಎಳೆದು ಕಟ್ಟಿದ ಹಾಗೆ ಆಗುತ್ತದೆ, ವೈರು ಬಿಸಿ ಕುಕ್ಕರಿಗೆ ತಾಗದ ಹಾಗೆ ನೋಡಿಕೊಳ್ಳಬೇಕು. ನಾನು ಕುಕ್ಕರನ್ನೇ ಪ್ಲಗ್ಗಿನ ಕೆಳಗೆ, ಕಟ್ಟೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಸದ್ದು ಮಿಕ್ಸಿಗಿಂತ ಕಡಿಮೆ, ಆದರೂ ಪಕ್ಕದ ಕೋಣೆಯಲ್ಲಿ ಮಲಗಿದವರು ಏಳುತ್ತಾರೆ.

ಜೊತೆಗೆ ಕೊಟ್ಟ ಪ್ಲಾಸ್ಟಿಕ್ ಜಗ್ಗು ಬಿಸಿ ಸೂಪು ಹುಯ್ದ ದಿನವೇ ತಳದಲ್ಲಿ ಸೀಳಿತು. ಮೊಟ್ಟೆ, ಕೆನೆ ಕಡೆಯುವ ತಂತಿಯನ್ನೂ ಕೊಟ್ಟಿದ್ದಾರೆ. ಮಜ್ಜಿಗೆಗೆ ಬಳಸಿ ನೋಡಿದೆ, ನೊರೆ ಬಂತು, ಬೆಣ್ಣೆ ಒಂದು ಕಡೆ ಕೂಡಲಿಲ್ಲ. ಬೆಣ್ಣೆಗೆ ಕಡಗೋಲೇ ಸರಿ.

ನಿಜವಾಗಿ ಬೇಸರ ಆಗಿದ್ದು ಐದನೇ ತಿಂಗಳು. ಮೋಟಾರ್ ತಿರುಗುತ್ತದೆ, ಬ್ಲೇಡ್ ತಿರುಗುವುದಿಲ್ಲ. ಮೋಟಾರಿಗೂ ಸ್ಟೀಲ್ ಕಾಲಿಗೂ ನಡುವೆ ಹಲ್ಲಿನ ಹಾಗೆ ಕಚ್ಚಿಕೊಳ್ಳುವ ಒಂದು ಸಣ್ಣ ಪ್ಲಾಸ್ಟಿಕ್ ತುಂಡು ಇರುತ್ತದೆ, ಕಪ್ಲರ್ ಅನ್ನುತ್ತಾರೆ. ಅದು ಸವೆದಿತ್ತು. ಎರಡು ವರ್ಷ ವಾರಂಟಿ ಇದೆ, ಬಿಲ್ಲೂ ಇದೆ. ಸರ್ವೀಸ್ ಸೆಂಟರಿಗೆ ಮೂರು ಸಲ ಹೋಗಿ, 19 ದಿನ ಕಾದ ಮೇಲೆ ಕೈಗೆ ಬಂತು. ಮೊದಲ ಸಲ "ಪಾರ್ಟ್ ಬೆಂಗಳೂರಿಂದ ಬರಬೇಕು" ಅಂದರು. ಎರಡನೇ ಸಲ ನನ್ನ ಬ್ಲೆಂಡರ್ ಎಲ್ಲಿಟ್ಟಿದ್ದಾರೆ ಅಂತ ಹುಡುಕಲು ಇಪ್ಪತ್ತು ನಿಮಿಷ ಹಿಡಿಯಿತು. ಒಂದು ಗುಂಡಿಯಷ್ಟು ಗಾತ್ರದ ತುಂಡಿಗೆ ಮೂರು ಗುರುವಾರ ಹೋಯಿತು. ಆ ಮೂರು ವಾರ ನಾನು ಸೂಪನ್ನು ಜರಡಿಯಲ್ಲಿ ಒತ್ತಿ ಸೋಸಿ ಕೊಟ್ಟೆ. ಆಗುತ್ತದೆ, ಆದರೆ ಅರ್ಧ ತರಕಾರಿ ಜರಡಿಯಲ್ಲೇ ಉಳಿಯುತ್ತದೆ.

ತೊಳೆಯುವುದು ಸುಲಭ. ಸೂಪು ತೆಗೆದ ತಕ್ಷಣ ಒಂದು ಚೊಂಬು ಬಿಸಿನೀರಿನಲ್ಲಿ ಹತ್ತು ಸೆಕೆಂಡು ಓಡಿಸಿ. ಆಮೇಲೆ ಪ್ಲಗ್ ಕಿತ್ತು, ಕಾಲನ್ನು ಬಿಚ್ಚಿ ನಲ್ಲಿಯ ಕೆಳಗೆ ಹಿಡಿಯಿರಿ. ಮೋಟಾರಿನ ಭಾಗವನ್ನು ನೀರಿಗೆ ಅದ್ದಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ತಡ ಮಾಡಿದರೆ ಬೇಳೆ ಒಣಗಿ ಬ್ಲೇಡಿನ ಕೆಳಗೆ ಕಚ್ಚಿಕೊಳ್ಳುತ್ತದೆ. ಅಲ್ಲಿಗೆ ಬೆರಳು ಹಾಕುವುದು ಒಳ್ಳೆಯದಲ್ಲ.

ಯಾರು ಕೊಳ್ಳಬೇಕು ಅಂತ ಕೇಳಿದರೆ, ಮನೆಯಲ್ಲಿ ಹಲ್ಲಿಲ್ಲದ ಹಿರಿಯರೋ, ಹಲ್ಲು ಬರುತ್ತಿರುವ ಮಗುವೋ ಇದ್ದು, ವಾರಕ್ಕೆ ಎರಡು ಸಲವಾದರೂ ಸೂಪು, ಮೆತ್ತಗಿನ ಬೇಳೆ, ಗಂಜಿ ಮಾಡುವವರು ಕೊಳ್ಳಿ. ಚಟ್ನಿಗೆ, ಸಾಂಬಾರ್ ಮಸಾಲೆಗೆ ಅಂತ ತೆಗೆದುಕೊಳ್ಳಬೇಡಿ. ಗಟ್ಟಿ ಕೊಬ್ಬರಿ, ಧನಿಯಾ ಇದರ ಕೈಲಿ ಆಗುವುದಿಲ್ಲ, ಅದಕ್ಕೆ ಮಿಕ್ಸಿಯೇ ಬೇಕು. ತಿಂಗಳಿಗೊಮ್ಮೆ ಸೂಪು ಮಾಡುವವರಿಗೂ ಬೇಡ, ಆರಿಸಿ ಮಿಕ್ಸಿಗೆ ಹಾಕಿಕೊಳ್ಳಬಹುದು. ಕಾಲು ಸ್ಟೀಲಿನದೇ ಇರಲಿ, ಬಿಸಿಗೆ ಪ್ಲಾಸ್ಟಿಕ್ ಕಾಲು ಬೇಡ. ಐದರಲ್ಲಿ ನಾನು ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಆ ಕಪ್ಲರಿಗೆ.

ಆ ತುಂಡು ಬಿಡಿಯಾಗಿಯೂ ಸಿಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಮಿಕ್ಸಿ ರಿಪೇರಿ ಮಾಡುವವರೊಬ್ಬರು ಹಳೆಯದನ್ನು ನೋಡಿ, ಅದೇ ಅಳತೆಯದನ್ನು 60 ರೂಪಾಯಿಗೆ ತರಿಸಿ ಕೊಟ್ಟರು. ಹಾಕುವುದನ್ನೂ ಐದು ನಿಮಿಷದಲ್ಲಿ ತೋರಿಸಿಕೊಟ್ಟರು. ಎರಡು ತಂದಿದ್ದೇನೆ. ಚಮಚದ ಡಬ್ಬಿಯಲ್ಲಿ, ಅವ್ವನ ಸೂಪಿನ ಚಮಚದ ಪಕ್ಕದಲ್ಲೇ ಇವೆ.